ತಳ್ಳುಗಾಡಿ ಚಾಚಾ ಮತ್ತು ಸ್ಟೆಪ್ ಕೌಂಟರ್: ಫೋನ್ ನಮ್ಮ ಹೆಜ್ಜೆ ಎಣಿಸೋದು ಹೇಗೆ?

ಉದಯಗಿರಿಯ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವರು ಯಾರು ಅಂತ ಕೇಳಿದರೆ ಚಿಕ್ಕ ಮಕ್ಕಳೂ ಹೇಳ್ತಾರೆ: ತರಕಾರಿ ಚಾಚಾ. ಬೆಳಿಗ್ಗೆ ಏಳಕ್ಕೆ ತಳ್ಳುಗಾಡಿ ಹೊರಟರೆ ಮಹದೇವಪುರ ರಸ್ತೆ ದಾಟಿ, ರಾಜೀವನಗರದ ಅಡ್ಡರಸ್ತೆಗಳನ್ನೆಲ್ಲ ಸುತ್ತಿ, ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನ ಆಗಿರುತ್ತೆ. ವಯಸ್ಸು ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯ್ತು.

ಕಳೆದ ವರ್ಷ ಅವರ ಮಗ ತನ್ನ ಹಳೇ ಸ್ಮಾರ್ಟ್‌ಫೋನ್ ಅಪ್ಪನಿಗೆ ಕೊಟ್ಟು, ಹೆಜ್ಜೆ ಎಣಿಸೋ ಆ್ಯಪ್ ಒಂದನ್ನೂ ಹಾಕಿಕೊಟ್ಟ. ಸಕ್ಕರೆ ತಪಾಸಣೆಗೆ ಹೋದಾಗ ಡಾಕ್ಟರು "ದಿನಾ ನಡೀತೀರಾ?" ಅಂತ ಕೇಳಿದರು. ಮಗ ಹೆಮ್ಮೆಯಿಂದ ಫೋನ್ ತೋರಿಸಿದ. ಯಾವ ದಿನ ನೋಡಿದರೂ ಸಾವಿರ ಹೆಜ್ಜೆ ಕೂಡ ಇಲ್ಲ! "ಇದು ಏನೇನೂ ಸಾಲದು. ಸಂಜೆ ಹೊತ್ತು ಒಂದು ಗಂಟೆ ನಡೀರಿ" ಅಂದರು ಡಾಕ್ಟರು. ಅವರದ್ದೂ ತಪ್ಪಲ್ಲ, ಅವರ ಕಣ್ಣ ಮುಂದೆ ಇದ್ದಿದ್ದು ಅದೊಂದೇ ಅಂಕಿ. ಚಾಚಾ ಎದುರು ಮಾತಾಡುವವರಲ್ಲ. ಗಾಡಿ ತಳ್ಳಿ ಬಂದ ಅದೇ ಕಾಲಲ್ಲಿ ಸಂಜೆ ಮತ್ತೆ ನಡೆಯೋಕೆ ಶುರು ಮಾಡಿದರು. ಹತ್ತು ದಿನಕ್ಕೆ ಎಡಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದು ಒಡೆಯಿತು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂಕಾಗಿ, ಗಾಯವಾದರೂ ನೋವು ಗೊತ್ತಾಗದೇ ಹೋಗಬಹುದು. ಚಪ್ಪಲಿಯಲ್ಲಿ ರಕ್ತ ಅಂಟಿದ್ದನ್ನು ಚಾಚಿ ನೋಡಿದ ಮೇಲೆಯೇ ವಿಷಯ ಹೊರಗೆ ಬಂದಿದ್ದು.

ಕಾಲಿಗೆ ಪಟ್ಟಿ ಸುತ್ತಿಕೊಂಡು ಜಗಲಿ ಮೇಲೆ ಕೂತಿದ್ದ ಚಾಚಾ ನನ್ನನ್ನ ಕರೆದು ಕೇಳಿದರು: "ಮಗಾ, ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಈ ಫೋನು ನನ್ನ ಹೆಜ್ಜೆ ಯಾಕೆ ಎಣಿಸಲ್ಲ? ನನ್ನ ಮಗ ಸ್ಕೂಟರ್‌ನಲ್ಲೇ ಓಡಾಡ್ತಾನೆ, ಅವನದ್ದು ನಾಕು ಸಾವಿರ ತೋರಿಸುತ್ತೆ."

ನನಗೆ ಉತ್ತರ ಗೊತ್ತಿರಲಿಲ್ಲ. ಸೆನ್ಸರ್ ಪೇಪರ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದಿದ್ದರೂ ಗೊತ್ತಿರಲಿಲ್ಲ. ಆಮೇಲೆ ಓದಿ, ಮಾಡಿ ನೋಡಿ ತಿಳಿದುಕೊಂಡದ್ದು ಈ ಪಾಠ.

ಫೋನ್ ಒಳಗಿನ ಪುಟ್ಟ ಉಯ್ಯಾಲೆ

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಫೋನಿಗೆ ನಮ್ಮ ಕಾಲು ಕಾಣಿಸಲ್ಲ. ಅದಕ್ಕೆ ಗೊತ್ತಾಗೋದು ತಾನು ಎಷ್ಟು ಅಲುಗಾಡಿದೆ ಅನ್ನೋದು ಮಾತ್ರ. ಆ ಅಲುಗಾಟವನ್ನು ಅಳೆಯೋ ಸೆನ್ಸರ್‌ಗೆ ಆಕ್ಸೆಲೆರೋಮೀಟರ್ ಅಂತ ಹೆಸರು, ಅಂದರೆ ವೇಗೋತ್ಕರ್ಷ ಮಾಪಕ.

ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೀರಿ. ಡ್ರೈವರ್ ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ಬಾಗ್ತೀರಿ, ಎಕ್ಸಲರೇಟರ್ ಒತ್ತಿದರೆ ಹಿಂದಕ್ಕೆ. ಕಣ್ಣು ಮುಚ್ಚಿಕೊಂಡಿದ್ದರೂ, ಎಷ್ಟು ಬಾಗಿದಿರಿ ಅನ್ನೋದರಿಂದಲೇ ಬಸ್ಸಿನ ವೇಗ ಎಷ್ಟು ಜೋರಾಗಿ ಬದಲಾಯಿತು ಅಂತ ಹೇಳಬಹುದು. ಆಕ್ಸೆಲೆರೋಮೀಟರ್ ಒಳಗೂ ಇದೇ ನಡೆಯುತ್ತೆ. ಕೆಲವೇ ಮಿಲಿಮೀಟರ್ ಉದ್ದಗಲದ ಚಿಪ್‌ನೊಳಗೆ ಸಿಲಿಕಾನಿನಲ್ಲೇ ಕೆತ್ತಿದ ಸಣ್ಣ ತೂಕ ಒಂದಿದೆ. ಅದನ್ನು ಸಿಲಿಕಾನಿನದ್ದೇ ತೆಳ್ಳನೆಯ ಸ್ಪ್ರಿಂಗುಗಳು ಹಿಡಿದುಕೊಂಡಿವೆ. ತೂಕದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಬೆರಳುಗಳು, ಅವುಗಳ ಪಕ್ಕದಲ್ಲಿ ಅಲುಗಾಡದ ಇನ್ನೊಂದು ಸಾಲು ಹಲ್ಲುಗಳು. ಎರಡು ಹಲ್ಲುಗಳ ಮಧ್ಯೆ ಒಂದು ಕೆಪಾಸಿಟರ್ ಆಯ್ತಲ್ವಾ? ಫೋನ್ ಅಲುಗಿದಾಗ ತೂಕ ಒಂಚೂರು ಸರಿಯುತ್ತೆ, ಅಂತರ ಬದಲಾಗುತ್ತೆ, ಕೆಪಾಸಿಟೆನ್ಸ್ ಬದಲಾಗುತ್ತೆ. ಆ ಬದಲಾವಣೆ ಫೆಮ್ಟೊಫ್ಯಾರಡ್ ಲೆಕ್ಕದ್ದು. ಅದನ್ನು ವೋಲ್ಟೇಜ್ ಮಾಡಿ, ಡಿಜಿಟಲ್ ಅಂಕಿ ಮಾಡಿ ಕೊಡೋ ಸರ್ಕ್ಯೂಟ್ ಕೂಡ ಅದೇ ಪ್ಯಾಕೇಜಿನಲ್ಲಿ ಇರುತ್ತೆ. ಇಂಥ ಯಂತ್ರಗಳಿಗೆ ಮೆಮ್ಸ್ ಅಂತಾರೆ.

ಎಕ್ಸ್, ವೈ, ಝಡ್ ಅಂತ ಮೂರು ದಿಕ್ಕಿಗೆ ಇಂಥ ವ್ಯವಸ್ಥೆ ಇರೋದರಿಂದ ಪ್ರತಿ ಸಲವೂ ಮೂರು ಅಂಕಿ ಸಿಗುತ್ತೆ. ಒಂದು ವಿಷಯ ನೆನಪಿಡಿ: ಫೋನನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟಾಗ ಸೆನ್ಸರ್ ಸೊನ್ನೆ ತೋರಿಸಲ್ಲ, 9.8 ತೋರಿಸುತ್ತೆ. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿದೆ, ತೂಕ ಸ್ಪ್ರಿಂಗಿನ ಮೇಲೆ ಜೋತು ಬಿದ್ದಿದೆ. ಸೊನ್ನೆ ತೋರಿಸೋದು ಫೋನ್ ಕೈಜಾರಿ ಬೀಳ್ತಾ ಇರುವಾಗ. ಅದನ್ನ ಪರೀಕ್ಷೆ ಮಾಡೋದು ಬೇಡ!

ನಡಿಗೆ ಅನ್ನೋದು ಒಂದು ಅಲೆ

ನಾವು ನಡೆಯುವಾಗ ದೇಹ ನೇರ ಗೆರೆಯಲ್ಲಿ ಮುಂದೆ ಹೋಗಲ್ಲ. ಪ್ರತಿ ಹೆಜ್ಜೆಗೂ ಸೊಂಟ ಕೆಲವು ಸೆಂಟಿಮೀಟರ್ ಮೇಲೆದ್ದು ಕೆಳಗಿಳಿಯುತ್ತೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ಒಂದು ಸಣ್ಣ ಹೊಡೆತ ಕಾಲಿನಿಂದ ಮೇಲಕ್ಕೆ ಏರುತ್ತೆ. ಜೇಬಿನಲ್ಲಿರೋ ಫೋನಿಗೆ ಇದೆಲ್ಲ ಒಂದು ಅಲೆಯ ಹಾಗೆ ಕಾಣುತ್ತೆ: ಒಂದು ಶಿಖರ, ಒಂದು ತಗ್ಗು, ಮತ್ತೆ ಶಿಖರ. ಆರೋಗ್ಯವಂತರು ಬಿರುಸಾಗಿ ನಡೆದರೆ ನಿಮಿಷಕ್ಕೆ 100ರಿಂದ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು. ಸಿಗ್ನಲ್ ಭಾಷೆಯಲ್ಲಿ 2 ಹರ್ಟ್ಜ್.

ಸೆನ್ಸರ್ ಸೆಕೆಂಡಿಗೆ 50 ಸಲ ಓದಿದರೆ ಒಂದೊಂದು ಹೆಜ್ಜೆಗೂ 25 ಸ್ಯಾಂಪಲ್ ಸಿಗುತ್ತೆ. ನೈಕ್ವಿಸ್ಟ್ ಪ್ರಕಾರ 2 ಹರ್ಟ್ಜ್ ಅಲೆಗೆ ಸೆಕೆಂಡಿಗೆ 4ಕ್ಕಿಂತ ಹೆಚ್ಚು ಸ್ಯಾಂಪಲ್ ಇದ್ದರೂ ಸಾಕು, ಆದರೆ ಹಿಮ್ಮಡಿ ಹೊಡೆತದ ಚೂಪು ಆಕಾರ ಹಿಡಿಯಬೇಕಾದರೆ ಇನ್ನೂ ಬೇಕು. ಹಾಗಾಗಿ 50 ಅನ್ನೋದು ಆರಾಮದ ಲೆಕ್ಕ.

ಅಲೆಯಿಂದ ಎಣಿಕೆಗೆ: ಐದು ಮೆಟ್ಟಿಲು

ಕಂಪನಿಗಳು ತಮ್ಮ ಅಲ್ಗಾರಿದಮ್ ಪೂರ್ತಿ ಹೊರಗೆ ಬಿಡಲ್ಲ. ಆದರೆ ಮೂಲ ಉಪಾಯ ಎಲ್ಲರಿಗೂ ತಿಳಿದದ್ದೇ, ಒಂದು ಮಧ್ಯಾಹ್ನದಲ್ಲಿ ನೀವೇ ಬರೆಯಬಹುದು.

ಮೊದಲನೆಯದು, ಮೂರು ಅಂಕಿಗಳನ್ನು ಒಂದು ಮಾಡೋದು. ಜೇಬಿನಲ್ಲಿ ಫೋನ್ ಅಡ್ಡ ಇದೆಯೋ, ತಲೆಕೆಳಗಾಗಿದೆಯೋ ಯಾರಿಗೆ ಗೊತ್ತು? ಅದಕ್ಕೇ ಮೂರನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೀತಾರೆ. ಆಗ ದಿಕ್ಕು ಹೋಗಿ ಪ್ರಮಾಣ ಮಾತ್ರ ಉಳಿಯುತ್ತೆ. ಉದಾಹರಣೆಗೆ ಒಂದು ಕ್ಷಣದಲ್ಲಿ 2, 9, 4 ಬಂತು ಅಂದುಕೊಳ್ಳಿ. 4 + 81 + 16 = 101. ವರ್ಗಮೂಲ 10.05. ಸ್ವಲ್ಪ ಹೊತ್ತಿನ ಮೇಲೆ 3, 11, 4 ಬಂತು. 9 + 121 + 16 = 146. ವರ್ಗಮೂಲ 12.08.

ಎರಡನೆಯದು, ಗುರುತ್ವವನ್ನು ಕಳೆಯೋದು. 9.81 ಕಳೆದರೆ ಮೊದಲನೆಯದು 0.24, ಎರಡನೆಯದು 2.27. ಈಗ ಉಳಿದಿರೋದು ಅಲುಗಾಟ ಮಾತ್ರ.

ಮೂರನೆಯದು, ಫಿಲ್ಟರ್. ಜೇಬಿನ ಕೀಲಿಗೊಂಚಲು ತಾಗಿದ್ದು, ಬಟ್ಟೆ ಉಜ್ಜಿದ್ದು, ಎಲ್ಲವೂ ಸಿಗ್ನಲ್‌ನಲ್ಲಿ ಮುಳ್ಳುಮುಳ್ಳಾಗಿ ಇರುತ್ತೆ. ಅಕ್ಕಪಕ್ಕದ ಐದು ಸ್ಯಾಂಪಲ್‌ಗಳ ಸರಾಸರಿ ತೆಗೆದರೂ ಸಾಕು, ಮುಳ್ಳು ಕಡಿಮೆಯಾಗುತ್ತೆ. ಇನ್ನೂ ಚೆನ್ನಾಗಿ ಮಾಡಬೇಕಂದ್ರೆ ಸುಮಾರು 1ರಿಂದ 3 ಹರ್ಟ್ಜ್ ಮಾತ್ರ ಬಿಡೋ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕ್ತಾರೆ. ಡಿ.ಎಸ್.ಪಿ. ಲ್ಯಾಬಿನಲ್ಲಿ ಯಾಕೆ ಬರೀತೀವಿ ಅಂತ ಗೊಣಗ್ತೀವಲ್ಲ, ಅದೇ ಫಿಲ್ಟರ್ ಇದು.

ನಾಲ್ಕನೆಯದು, ಶಿಖರ ಹಿಡಿಯೋದು. ಒಂದು ಥ್ರೆಶೋಲ್ಡ್ ಇಡ್ತೀವಿ, 1.2 ಅಂತಿಟ್ಟುಕೊಳ್ಳಿ. ಅದಕ್ಕಿಂತ ಎತ್ತರದ ಶಿಖರ ಮಾತ್ರ ಹೆಜ್ಜೆಗೆ ಅರ್ಹ. ನಮ್ಮ ಉದಾಹರಣೆಯಲ್ಲಿ 0.24 ಬಿತ್ತು, 2.27 ಪಾಸಾಯ್ತು. ಜೊತೆಗೆ ಸಮಯದ ಒಂದು ನಿಯಮ: ಹಿಂದಿನ ಹೆಜ್ಜೆ ಆಗಿ ಕಾಲು ಸೆಕೆಂಡ್ ಕೂಡ ಆಗದೆ ಇನ್ನೊಂದು ಶಿಖರ ಬಂದರೆ ಅದನ್ನು ಬಿಡಬೇಕು. ಅದು ಅದೇ ಹಿಮ್ಮಡಿ ಹೊಡೆತದ ಮರುಕಂಪನ ಇರಬಹುದು.

ಐದನೆಯದು, ಲಯ ನೋಡೋದು. ಮೇಜಿನಿಂದ ಫೋನ್ ಎತ್ತಿದಿರಿ, ಒಂದು ದೊಡ್ಡ ಶಿಖರ ಬಂತು. ಅದು ಹೆಜ್ಜೆಯೇ? ಅಲ್ಲ. ಹಾಗಾಗಿ ಒಂದೆರಡು ಶಿಖರ ಬಂದ ತಕ್ಷಣ ಅಲ್ಗಾರಿದಮ್ ನಂಬಲ್ಲ. ಹೆಚ್ಚುಕಡಿಮೆ ಸಮನಾದ ಅಂತರದಲ್ಲಿ ಹಲವು ಶಿಖರಗಳು ಸಾಲಾಗಿ ಬಂದರೆ ಮಾತ್ರ "ಇವರು ನಡೀತಿದ್ದಾರೆ" ಅಂತ ತೀರ್ಮಾನಿಸಿ, ಆಮೇಲೆ ಹಿಂದಿನವನ್ನೂ ಸೇರಿಸಿ ಎಣಿಕೆಗೆ ಹಾಕುತ್ತೆ. ಅಡುಗೆಮನೆಯಿಂದ ಹಾಲ್‌ಗೆ ನಾಲ್ಕು ಹೆಜ್ಜೆ ಇಟ್ಟು ನಿಂತರೆ ಎಷ್ಟೋ ಸಲ ಎಣಿಕೆ ಏರದೇ ಇರೋದು ಇದಕ್ಕೇ.

ಈ ಕೆಲಸ ಮಾಡೋದು ಯಾರು?

ಹಗಲು ರಾತ್ರಿ ಮುಖ್ಯ ಪ್ರೊಸೆಸರ್ ಎಚ್ಚರ ಇದ್ದು ಸೆಕೆಂಡಿಗೆ 50 ಸಲ ಲೆಕ್ಕ ಹಾಕ್ತಾ ಕೂತರೆ ಬ್ಯಾಟರಿ ಸಂಜೆಯೊಳಗೆ ಖಾಲಿ. ಅದಕ್ಕೇ ಈ ಕೆಲಸವನ್ನು ಕಡಿಮೆ ವಿದ್ಯುತ್ ತಿನ್ನೋ ಬೇರೆ ಚಿಪ್‌ಗೆ ವಹಿಸ್ತಾರೆ. 2013ರಲ್ಲಿ ಬಂದ ಐಫೋನ್ 5ಎಸ್‌ನಲ್ಲಿ ಎಂ7 ಅನ್ನೋ ಸಹಾಯಕ ಚಿಪ್ ಇತ್ತು. ಅದೇ ವರ್ಷ ಆ್ಯಂಡ್ರಾಯ್ಡ್ 4.4 ಕೂಡ ಹೆಜ್ಜೆಗಾಗಿ ಎರಡು ಸೆನ್ಸರ್‌ಗಳನ್ನು ಸೇರಿಸಿತು: ಸ್ಟೆಪ್ ಡಿಟೆಕ್ಟರ್ ಮತ್ತು ಸ್ಟೆಪ್ ಕೌಂಟರ್. ಡಿಟೆಕ್ಟರ್ ಪ್ರತಿ ಹೆಜ್ಜೆಗೂ ಬೇಗ ಸುದ್ದಿ ಕೊಡುತ್ತೆ, ಸುಮಾರು 2 ಸೆಕೆಂಡಿನೊಳಗೆ. ಕೌಂಟರ್ ಹೆಚ್ಚು ಯೋಚನೆ ಮಾಡಿ ಹೇಳುತ್ತೆ, 10 ಸೆಕೆಂಡ್‌ವರೆಗೂ ತಡವಾಗಬಹುದು, ಆದರೆ ಹೆಚ್ಚು ನಿಖರ. ನಿಂತ ಮೇಲೂ ಅಂಕಿ ಏರ್ತಾ ಇದ್ದರೆ ಹೆದರಬೇಡಿ, ಅದು ಹಳೇ ಬಾಕಿ.

ಆ್ಯಪ್ ಮಾಡೋರಿಗೆ ಎರಡು ಮಾತು. ಈ ಕೌಂಟರ್ ಕೊಡೋದು "ಇವತ್ತಿನ" ಹೆಜ್ಜೆ ಅಲ್ಲ, ಫೋನ್ ಕೊನೆಯ ಸಲ ರೀಸ್ಟಾರ್ಟ್ ಆದಾಗಿನಿಂದ ಇಟ್ಟ ಹೆಜ್ಜೆ. ದಿನದ ಲೆಕ್ಕ ಬೇಕಾದರೆ ಮಧ್ಯರಾತ್ರಿಯ ಅಂಕಿಯನ್ನು ನೀವೇ ಉಳಿಸಿಕೊಂಡು ಕಳೆಯಬೇಕು. ಇನ್ನೊಂದು, ಆ್ಯಂಡ್ರಾಯ್ಡ್ 10ರಿಂದ ಈಚೆಗೆ ಬಳಕೆದಾರರ ಅನುಮತಿ ಕೇಳಲೇಬೇಕು. ಕೇಳದಿದ್ದರೆ ಕೋಡ್ ಸರಿ ಇದ್ದರೂ ಅಂಕಿ ಬರಲ್ಲ, ಡೀಬಗ್ ಮಾಡ್ತಾ ರಾತ್ರಿ ಕಳೆದುಹೋಗುತ್ತೆ.

ಚಾಚಾ ಹೆಜ್ಜೆ ಎಲ್ಲಿ ಕಳೆದುಹೋಯ್ತು?

ಇಷ್ಟು ತಿಳಿದ ಮೇಲೆ ಒಂದು ಬೆಳಿಗ್ಗೆ ಚಾಚಾ ಮನೆಗೆ ಹೋದೆ. ಕಾಲು ವಾಸಿಯಾಗಿ ಮತ್ತೆ ಗಾಡಿ ಹೊರಡಿಸಿದ ಮೊದಲ ವಾರ ಅದು. ಕೇಳಿದ ಮೊದಲ ಪ್ರಶ್ನೆ: "ಚಾಚಾ, ಫೋನ್ ಎಲ್ಲಿ ಇಟ್ಕೊಳ್ತೀರಿ?"

"ಗಲ್ಲಾ ಡಬ್ಬಿ ಪಕ್ಕ ಮಗಾ. ಯುಪಿಐ ದುಡ್ಡು ಬಂದಿದ್ದು ಕೇಳಿಸಬೇಕಲ್ಲ, ಜೇಬಲ್ಲಿಟ್ಟರೆ ಕೇಳಿಸಲ್ಲ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಗಾಡಿ ಉರುಳುತ್ತೆ, ನಡೆಯಲ್ಲ. ಅದಕ್ಕೆ ಹಿಮ್ಮಡಿ ಇಲ್ಲ, ಸೊಂಟ ಇಲ್ಲ. ಡಾಂಬರು ಕಿತ್ತ ಜಾಗದಲ್ಲಿ ಗಾಡಿ ಗಡಗಡ ಅನ್ನುತ್ತೆ ನಿಜ, ಆದರೆ ಆ ಕಂಪನ ಸೆಕೆಂಡಿಗೆ ಎರಡು ಸಲದ್ದಲ್ಲ, ಅದಕ್ಕಿಂತ ಎಷ್ಟೋ ವೇಗದ್ದು. ಫಿಲ್ಟರ್ ಅದನ್ನು ತೆಗೆದುಹಾಕುತ್ತೆ. ನಾವು ಬೀದಿಯ ಈ ತುದಿಯಿಂದ ಆ ತುದಿಗೆ ಹೋದೆವು. ಚಾಚಾ ಬಾಯಲ್ಲಿ ನೂರು ಹೆಜ್ಜೆ ಎಣಿಸಿದರು, ಫೋನ್ ಒಂದನ್ನೂ ಎಣಿಸಲಿಲ್ಲ.

ಆಮೇಲೆ ಫೋನನ್ನು ಅವರ ಪ್ಯಾಂಟ್ ಜೇಬಿಗೆ ಹಾಕಿ ಮತ್ತೆ ನಡೆದೆವು. ಈಗ ಎಣಿಕೆ ಬಂತು, ಆದರೆ ನೂರಕ್ಕೆ ತುಂಬಾ ಕಡಿಮೆ. ಇದು ಉಳಿದರ್ಧ ಉತ್ತರ. ಭಾರದ ಗಾಡಿ ತಳ್ಳುವಾಗ ಯಾರೂ ಮೈದಾನದಲ್ಲಿ ವಾಕಿಂಗ್ ಮಾಡಿದ ಹಾಗೆ ನಡೆಯಲ್ಲ. ಹೆಜ್ಜೆ ಚಿಕ್ಕದು, ಪಾದ ನೆಲಕ್ಕೆ ಉಜ್ಜಿಕೊಂಡೇ ಹೋಗುತ್ತೆ, ಮೇಲ್ಭಾಗ ಗಾಡಿಗೆ ಒರಗಿರುತ್ತೆ. ಹತ್ತು ಹೆಜ್ಜೆಗೊಮ್ಮೆ ಗಿರಾಕಿ ಕರೀತಾರೆ, ನಿಲ್ಲಬೇಕು. ಅಂದರೆ ಶಿಖರವೂ ಗಿಡ್ಡ, ಲಯವೂ ತುಂಡು ತುಂಡು. ನಾಲ್ಕನೇ ಮೆಟ್ಟಿಲಲ್ಲೂ ಫೇಲ್, ಐದನೇ ಮೆಟ್ಟಿಲಲ್ಲೂ ಫೇಲ್. ಗಂಟೆಗೆ ಸುಮಾರು 3 ಕಿಲೋಮೀಟರ್‌ಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗಳನ್ನು ಇಂಥ ಸಾಧನಗಳು ಕಡಿಮೆ ಎಣಿಸೋದು ಹಳೇ ವಿಷಯ. ಕೋಲೂರಿ ನಡೆಯೋ ಅಜ್ಜಿ, ಆಪರೇಷನ್ ಆಗಿ ವಾಕರ್ ಹಿಡಿದವರು, ಪಾರ್ಶ್ವವಾಯು ಆದವರು, ಎಲ್ಲರದ್ದೂ ಇದೇ ಕಥೆ.

ಮತ್ತೆ ಸ್ಕೂಟರ್ ಮಗನ ನಾಲ್ಕು ಸಾವಿರ? ಅದರಲ್ಲಿ ನಿಜವಾದ ಹೆಜ್ಜೆಯೂ ಇದ್ದೇ ಇರುತ್ತೆ. ಆದರೆ ಹಂಪು ಗುಂಡಿಗಳ ರಸ್ತೆಯಲ್ಲಿ ನಿಧಾನ ಹೋಗುವಾಗ ಸ್ಕೂಟರ್ ಸೀಟು ಮೇಲೆ ಕೆಳಗೆ ತೂಗೋ ವೇಗ ನಡಿಗೆಯ ಲಯಕ್ಕೆ ಹತ್ತಿರ ಬಂದರೆ ಸುಳ್ಳು ಹೆಜ್ಜೆಗಳೂ ಸೇರಬಹುದು. ನಮ್ಮ ಕಡೆ ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯೋ ಹೆಂಗಸರಿದ್ದಾರೆ. ಹಲಗೆ ಮೇಲೆ ಕೈ ಹಿಂದೆ ಮುಂದೆ ಒಂದೇ ಲಯದಲ್ಲಿ ಓಡುತ್ತೆ. ಅವರ ಕೈಗೆ ಸ್ಮಾರ್ಟ್‌ವಾಚ್ ಕಟ್ಟಿದರೆ, ಕೂತಲ್ಲೇ ನಡೆದ ಲೆಕ್ಕ ಬರೋ ಸಾಧ್ಯತೆ ಇದೆ. ತೊಟ್ಟಿಲು ತೂಗೋ ಕೈಗೂ ಅಷ್ಟೇ.

ಹಾಗಾದರೆ ಥ್ರೆಶೋಲ್ಡ್ ಇಳಿಸಿಬಿಡೋಣ ಅಂತೀರಾ? ಇಳಿಸಿದರೆ ಚಾಚಾ ಹೆಜ್ಜೆ ಒಳಗೆ ಬರುತ್ತೆ, ಅದರ ಹಿಂದೆಯೇ ಸ್ಕೂಟರಿನ ಕುಲುಕಾಟವೂ ಬರುತ್ತೆ. ಏರಿಸಿದರೆ ಎರಡೂ ಹೊರಗೆ. ಫಾಲ್ಸ್ ಪಾಸಿಟಿವ್, ಫಾಲ್ಸ್ ನೆಗೆಟಿವ್ ಅಂತ ಮೆಷಿನ್ ಲರ್ನಿಂಗ್ ಕ್ಲಾಸಿನಲ್ಲಿ ಪಟ್ಟಿ ಬರೀತೀವಲ್ಲ, ಅದು ಇಲ್ಲಿ ನಮ್ಮ ಬೀದಿಯ ಜನ. ಎಲ್ಲಿ ಗೆರೆ ಎಳೀತೀವಿ ಅನ್ನೋದು ಬರೀ ಗಣಿತ ಅಲ್ಲ. ಯಾರ ನಡಿಗೆಯನ್ನು "ನಡಿಗೆ" ಅಂತ ಇಟ್ಟುಕೊಂಡು ಆ ಗೆರೆ ಎಳೆದಿದ್ದೀವಿ ಅನ್ನೋ ಪ್ರಶ್ನೆ. ಕಾಲೇಜು ಹುಡುಗರ ನಡಿಗೆಯನ್ನಷ್ಟೇ ರೆಕಾರ್ಡ್ ಮಾಡಿ ಟೆಸ್ಟ್ ಮಾಡಿದರೆ ಕೌಂಟರ್ ಕಾಲೇಜು ಹುಡುಗರಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಅಷ್ಟೇ.

ಇದಕ್ಕೆ ಸ್ವಲ್ಪ ಮಟ್ಟಿಗೆ ಪರಿಹಾರ ಇದೆ. ಶಿಖರದ ಎತ್ತರ ಮಾತ್ರ ನೋಡದೆ, ಸಿಗ್ನಲ್ ತನ್ನನ್ನೇ ಎಷ್ಟು ಹೋಲುತ್ತೆ ಅಂತ ನೋಡಬಹುದು. ಕೊನೆಯ ಕೆಲವು ಸೆಕೆಂಡಿನ ಅಲೆಯನ್ನು ತೆಗೆದುಕೊಂಡು, ಅದನ್ನೇ ಸ್ವಲ್ಪ ಸರಿಸಿ, ತನ್ನ ಮೇಲೇ ಇಟ್ಟು ಗುಣಿಸಿ ಕೂಡಿಸೋದು. ಇದಕ್ಕೆ ಆಟೋಕೊರಿಲೇಷನ್ ಅಂತಾರೆ. ಅಲೆ ಗಿಡ್ಡವಾದರೂ ಲಯ ಇದ್ದರೆ, ಒಂದು ಹೆಜ್ಜೆಯಷ್ಟು ಸರಿಸಿದಾಗ ಹೊಂದಿಕೆ ಚೆನ್ನಾಗಿ ಬರುತ್ತೆ. ನಿಧಾನ ನಡೆಯುವವರಿಗೆ ಇದು ಶಿಖರ ಎಣಿಸೋದಕ್ಕಿಂತ ಮೇಲು. ಆದರೆ ಹೆಜ್ಜೆಗಳ ಮಧ್ಯೆ ಮತ್ತೆ ಮತ್ತೆ ನಿಲ್ಲೋರಿಗೆ ಇದೂ ಕಷ್ಟ. ಗಲ್ಲಾ ಡಬ್ಬಿ ಪಕ್ಕ ಇಟ್ಟ ಫೋನಿಗಂತೂ ಯಾವ ಅಲ್ಗಾರಿದಮ್ಮೂ ಸಹಾಯ ಮಾಡಲ್ಲ.

ಹೆಜ್ಜೆಯಿಂದ ದೂರಕ್ಕೆ

ಆ್ಯಪ್‌ಗಳು "ಇವತ್ತು 3.2 ಕಿ.ಮೀ." ಅಂತ ದೂರವನ್ನೂ ಹೇಳುತ್ತವೆ. ಹೊರಗಡೆ ಜಿಪಿಎಸ್ ಆನ್ ಇದ್ದರೆ ಅದರಿಂದ ತೆಗೆದುಕೊಳ್ಳಬಹುದು. ಆದರೆ ಇಕ್ಕಟ್ಟಿನ ಗಲ್ಲಿಯಲ್ಲಿ ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಬರೋದರಿಂದ ನಾವಿರೋ ಜಾಗ ಪಕ್ಕದ ಬೀದಿಗೆ ಹಾರಿದ ಹಾಗೆ ತೋರಿಸುತ್ತೆ. ಜಿಪಿಎಸ್ ಇಲ್ಲದಿದ್ದರೆ ಸುಲಭದ ದಾರಿ ಒಂದೇ: ಹೆಜ್ಜೆಯ ಸಂಖ್ಯೆಯನ್ನು ಹೆಜ್ಜೆಯ ಉದ್ದದಿಂದ ಗುಣಿಸೋದು. ಉದ್ದ ಎಷ್ಟು? ಎತ್ತರದ ನೂರಕ್ಕೆ 40ರಿಂದ 45ರಷ್ಟು ಅಂತ ಅಂದಾಜು ಹಿಡೀತಾರೆ. 165 ಸೆಂ.ಮೀ. ಎತ್ತರದವರಿಗೆ ಸುಮಾರು 68 ಸೆಂ.ಮೀ. ಸಾವಿರ ಹೆಜ್ಜೆಗೆ 680 ಮೀಟರ್. ಅದೇ ಎತ್ತರದ ಮನುಷ್ಯ ಗಾಡಿ ತಳ್ಳುವಾಗ 45 ಸೆಂ.ಮೀ. ಹೆಜ್ಜೆ ಇಟ್ಟರೆ ನಿಜವಾದ ದೂರ 450 ಮೀಟರ್. ಇಲ್ಲಿ ಫೋನ್ ಹೆಚ್ಚು ಹೇಳುತ್ತೆ. ಹೆಜ್ಜೆ ಕಡಿಮೆ ಎಣಿಸಿ, ಉದ್ದ ಹೆಚ್ಚು ಹಿಡಿದು, ಕೊನೆಗೆ ಬಂದ ಅಂಕಿ ಸರಿಯೋ ತಪ್ಪೋ ಅಂತ ಹೇಳೋಕೂ ಆಗದ ಹಾಗೆ ಮಾಡಿಬಿಡುತ್ತೆ.

ದೇಹದಿಂದಲೇ ದೂರ ಅಳೆಯೋದು ನಮಗೆ ಹೊಸದಲ್ಲ. ಹೂವಿಗೆ ಮೊಳ, ಮಾರು; ಊರಿಗೆ ಕೂಗಳತೆ, ಹರದಾರಿ. ಆದರೆ ಹೆಜ್ಜೆಯನ್ನು ನಿಜವಾದ ಅಳತೆಗೋಲು ಮಾಡಿಕೊಂಡ ಒಬ್ಬರ ಕಥೆ ಇಲ್ಲಿ ಹೇಳಲೇಬೇಕು. ಕುಮಾವೂಂ ಪರ್ವತ ಸೀಮೆಯ ನೈನ್ ಸಿಂಗ್ ರಾವತ್. 1860ರ ದಶಕದಲ್ಲಿ ಸರ್ವೇ ಇಲಾಖೆಯವರು ಡೆಹ್ರಾಡೂನ್‌ನಲ್ಲಿ ಅವರಿಗೆ ತರಬೇತಿ ಕೊಟ್ಟರು. ಏರಾಗಲಿ ಇಳಿಜಾರಾಗಲಿ, ಹೆಜ್ಜೆಯ ಉದ್ದ ಒಂದೇ ಇರಬೇಕು: ಮೈಲಿಗೆ ಸುಮಾರು 2000 ಹೆಜ್ಜೆ. ಎಣಿಸೋಕೆ ಕೈಯಲ್ಲಿ ಜಪಮಾಲೆ. ಸಾಮಾನ್ಯ ಮಾಲೆಯಲ್ಲಿ 108 ಮಣಿ ಇದ್ದರೆ ಅವರದ್ದರಲ್ಲಿ ಸರಿಯಾಗಿ 100. ನೂರು ಹೆಜ್ಜೆಗೆ ಒಂದು ಮಣಿ. ಯಾತ್ರಿಕನ ವೇಷದಲ್ಲಿ ಹೀಗೆ ಎಣಿಸ್ತಾ ಅವರು 1866ರಲ್ಲಿ ಲ್ಹಾಸಾ ತಲುಪಿದರು. ಅವರ ಅಳತೆ ನಂಬಿಕೆಗೆ ಅರ್ಹವಾಗಿದ್ದಕ್ಕೆ ಕಾರಣ ಒಂದೇ: ಹೊರಡೋ ಮೊದಲೇ ಅವರ ಹೆಜ್ಜೆಯನ್ನು ಅಳೆದು, ಪಳಗಿಸಲಾಗಿತ್ತು. ನಮ್ಮ ಭಾಷೆಯಲ್ಲಿ ಕ್ಯಾಲಿಬ್ರೇಷನ್. ಆ್ಯಪ್ ಹಾಕಿಕೊಂಡ ನಮ್ಮಲ್ಲಿ ಎಷ್ಟು ಜನ ಒಂದು ಸಲವಾದರೂ ಅದನ್ನ ಮಾಡಿದ್ದೀವಿ?

10,000 ಎಲ್ಲಿಂದ ಬಂತು?

ಅವರ ಮಾಲೆಯಲ್ಲಿ ನೂರು ಮಣಿ, ಮಣಿಗೆ ನೂರು ಹೆಜ್ಜೆ. ಒಂದು ಸುತ್ತು ಮುಗಿದರೆ 10,000 ಹೆಜ್ಜೆ, ಐದು ಮೈಲಿ. ಇವತ್ತು ಎಷ್ಟೋ ಆ್ಯಪ್‌ಗಳು ಗುರಿ ಅಂತ ತೋರಿಸೋ 10,000ಕ್ಕೂ ಅದಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ. ಇದರ ಮೂಲ ಜಪಾನ್. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಅನ್ನೋ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಹೆಜ್ಜೆ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಹೆಸರು "ಮಾನ್ಪೋ ಕೇ", ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಜಾಹೀರಾತಿಗೆ ಚೆನ್ನಾಗಿ ಒದಗಿದ ದುಂಡು ಸಂಖ್ಯೆ ಆರೋಗ್ಯದ ನಿಯಮ ಅನ್ನೋ ಹಾಗೆ ಜಗತ್ತಿಗೆಲ್ಲ ಹರಡಿತು.

2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ದಿನಕ್ಕೆ ಸುಮಾರು 2700 ಹೆಜ್ಜೆ ಇಡುತ್ತಿದ್ದವರಿಗೆ ಹೋಲಿಸಿದರೆ 4400 ಇಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7500 ಆದ ಮೇಲೆ ಇನ್ನೂ ಹೆಚ್ಚು ನಡೆದರೂ ಲಾಭ ಏರಲಿಲ್ಲ. ಇದು ಒಂದು ವಯಸ್ಸಿನ ಒಂದು ಗುಂಪಿನ ಲೆಕ್ಕ, ಎಲ್ಲರಿಗೂ ಹಾಗೇ ಅಂಟಿಸಬಾರದು. ಆದರೆ 10,000 ಆಗಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಕಾರಿಡಾರಿನಲ್ಲಿ ಸುತ್ತು ಹೊಡೆಯೋ ಗೆಳೆಯರಿಗೆ ಇದು ನೆಮ್ಮದಿಯ ಸುದ್ದಿ.

ನೀವೂ ಮಾಡಿ ನೋಡಿ

ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಫೋನಿನ ಆಕ್ಸೆಲೆರೋಮೀಟರ್ ಅಂಕಿಗಳನ್ನು ಗ್ರಾಫ್ ಆಗಿ ತೋರಿಸುತ್ತೆ, ಫೈಲ್ ಆಗಿಯೂ ಕೊಡುತ್ತೆ. ಅದನ್ನ ಇಟ್ಟುಕೊಂಡು ಕ್ಯಾಂಪಸ್‌ನಲ್ಲೇ ಮೂರು ಪ್ರಯೋಗ ಮಾಡಬಹುದು.

1. ಬಾಯಲ್ಲಿ ನೂರು ಹೆಜ್ಜೆ ಎಣಿಸ್ತಾ ನಾಲ್ಕು ಸಲ ನಡೀರಿ: ಫೋನ್ ಪ್ಯಾಂಟ್ ಜೇಬಲ್ಲಿ, ಬ್ಯಾಗಲ್ಲಿ, ಕೈಯಲ್ಲಿ ಹಿಡಿದು ನೋಡ್ತಾ, ಕೊನೆಗೆ ಲೈಬ್ರರಿ ಪುಸ್ತಕದ ಟ್ರಾಲಿ ಮೇಲಿಟ್ಟು ತಳ್ತಾ. ಪ್ರತಿ ಸಲ ಸ್ಟೆಪ್ ಕೌಂಟರ್ ಎಷ್ಟು ಹೇಳುತ್ತೆ ಬರೆದಿಡಿ. ನಿಂತ ಮೇಲೆ ಹತ್ತು ಸೆಕೆಂಡ್ ಕಾಯೋದು ಮರೀಬೇಡಿ.

2. ಮೇಲಿನ ಐದು ಮೆಟ್ಟಿಲುಗಳನ್ನು ಪೈಥಾನ್‌ನಲ್ಲಿ ಬರೆದು, ನಿಮ್ಮದೇ ಫೈಲ್ ಮೇಲೆ ಓಡಿಸಿ. ಥ್ರೆಶೋಲ್ಡನ್ನು 0.5ರಿಂದ 2.5ರವರೆಗೆ ಬದಲಾಯಿಸ್ತಾ ಎಣಿಕೆಯ ಗ್ರಾಫ್ ಬರೀರಿ. ಗ್ರಾಫಿನಲ್ಲಿ ಸಮತಟ್ಟಾದ ಭಾಗ ಕಂಡರೆ ಆ ನಡಿಗೆಗೆ ಅದು ಒಳ್ಳೆ ಥ್ರೆಶೋಲ್ಡ್. ಆಮೇಲೆ ಅದೇ ಥ್ರೆಶೋಲ್ಡನ್ನು ಬೇಕಂತಲೇ ಪಾದ ಉಜ್ಜುತ್ತಾ ನಿಧಾನವಾಗಿ ನಡೆದ ರೆಕಾರ್ಡಿಂಗ್ ಮೇಲೆ ಹಾಕಿ ನೋಡಿ.

3. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರೊಬ್ಬರ ಜೊತೆ ನೂರು ಹೆಜ್ಜೆ ನಡೀರಿ. ಅಜ್ಜಿಯೋ, ಅಜ್ಜನೋ, ಯಾರಾದರೂ ಸರಿ. ಅವರು ಎಣಿಸಲಿ, ಫೋನೂ ಎಣಿಸಲಿ. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ಅವರಿಗೂ ತಿಳಿಸಿ.

ಮೂರನೆಯದನ್ನು ದಯವಿಟ್ಟು ಬಿಡಬೇಡಿ. ನಮ್ಮ ಮನೆಗಳಲ್ಲಿ ಆ್ಯಪ್ ಹಾಕಿಕೊಡೋದು ನಾವೇ. ಅಂಕಿ ಓದಿ ಹೇಳೋದೂ ನಾವೇ. ಡಾಕ್ಟರ ಮುಂದೆ ಫೋನ್ ತೋರಿಸೋದೂ ನಾವೇ. ತೋರಿಸುವಾಗ ಎರಡು ಮಾತು ಸೇರಿಸಿದರೆ ಸಾಕು: ಫೋನ್ ಎಲ್ಲಿರುತ್ತೆ, ಇವರು ಹೇಗೆ ನಡೀತಾರೆ.

ಚಾಚಾ ವಿಷಯದಲ್ಲಿ ನಾವು ಅದನ್ನೇ ಮಾಡಿದೆವು. ಫೋನ್ ಗಲ್ಲಾ ಪಕ್ಕದಲ್ಲೇ ಇರಲಿ, ಅದು ಅವರ ವ್ಯಾಪಾರ. ಹೆಜ್ಜೆಗೆ ಹುಣಸೆ ಬೀಜ ಸಾಕು ಅಂದರು ಅವರೇ. ಮೂರು ದಿನ ಎಡ ಜೇಬಲ್ಲಿ ಬೀಜ ತುಂಬಿಕೊಂಡು, ನೂರು ಹೆಜ್ಜೆಗೆ ಒಂದರಂತೆ ಬಲ ಜೇಬಿಗೆ ಹಾಕುತ್ತಾ ಹೋದರು. ಗಿರಾಕಿ ಮಾತಾಡಿಸಿ ಎಣಿಕೆ ತಪ್ಪಿದರೆ ಆ ನೂರನ್ನೇ ಬಿಟ್ಟುಬಿಡಬೇಕು ಅಂತ ನಿಯಮ, ಹಾಗಾಗಿ ಬಂದ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರಬೇಕು. ಮುಂದಿನ ತಪಾಸಣೆಗೆ ಮಗ ಆ ಚೀಟಿ ತಗೊಂಡು ಹೋದ. ಡಾಕ್ಟರು ಓದಿ, ಗಾಡಿ ಬಗ್ಗೆ ಕೇಳಿ, ಸಂಜೆ ನಡಿಗೆ ಬೇಡ ಅಂದರು. ಕಾಲಿಗೆ ಮೆತ್ತನೆ ಚಪ್ಪಲಿ ಬರೆದುಕೊಟ್ಟು, ರಾತ್ರಿ ಮಲಗೋ ಮುಂಚೆ ಪಾದ ನೋಡಿಕೊಳ್ಳೋಕೆ ಹೇಳಿದರು.

ಈಗ ದಿನಾ ರಾತ್ರಿ ಪಾದ ನೋಡೋದು ಚಾಚಿ ಕೆಲಸ. ಬ್ಯಾಟರಿ ಹಾಕಿ, ಬೆರಳು ಬೆರಳಿನ ಸಂದು ಕೂಡ ಬಿಡದೆ ನೋಡ್ತಾರೆ. ಆ ಬ್ಯಾಟರಿ ಮಾತ್ರ ಅದೇ ಫೋನಿಂದು.